ಗಡಿ ಮೇಡಮ್ಮನ ಎಡಗೈ

"ಗಡಿ ಮೇಡಂ" ಎಂದು ನಮ್ಮಕ್ಕನಿಗೆ ಹೆಸರಿಟ್ಟವರು ಅವಳ ಶಿಷ್ಯರೇ. ಎದುರಿಗೆ ಕರೆಯುವ ಎದೆಗಾರಿಕೆ ಒಬ್ಬರಿಗೂ ಇರಲಿಲ್ಲ. ಮೆಟ್ಟಿಲಿಳಿದು ನನ್ನ ಹೊಲಿಗೆ ಅಂಗಡಿಯ ಮುಂದೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಮಾತ್ರ ಆ ಹೆಸರು ಕೇಳಿಸುತ್ತಿತ್ತು. ನಾನು ಕತ್ತರಿ ಹಿಡಿದ ಕೈಯನ್ನೇ ಎತ್ತಿ, "ಏನ್ರೋ ಅದು?" ಅಂದರೆ ಸಾಕು, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ಓಟ ಕೀಳುತ್ತಿದ್ದರು. ಗದರಿಸುತ್ತಿದ್ದೆನೇ ಹೊರತು, ಹೆಸರೇನೋ ಹೇಳಿ ಮಾಡಿಸಿದ ಹಾಗಿದೆ ಎಂದು ನನಗೂ ಅನಿಸುತ್ತಿತ್ತು.

ಕೆಳಗೆ ನನ್ನ ಹೊಲಿಗೆ ಯಂತ್ರ, ಮೇಲೆ ಅವಳ ಟೈಪಿಂಗ್ ಶಾಲೆ. ನನ್ನದು ಗರಗರ, ಅವಳದು ಟಕಟಕ. ಶಾಲೆಯ ಹಿಂದಿನ ಕೋಣೆಯಲ್ಲಿ ನಮ್ಮಿಬ್ಬರ ಅಡುಗೆ, ನಿದ್ದೆ, ಜಗಳ ಎಲ್ಲ. ಮದುವೆ ಅನ್ನುವುದು ನಮ್ಮಿಬ್ಬರ ಬಾಗಿಲ ತನಕ ಬಂದು ಹಾಗೇ ತಿರುಗಿ ಹೋಯಿತು, ಆ ಕತೆ ಇಲ್ಲಿ ಬೇಡ. ಅವಳು ಮಾತಿನಲ್ಲಿ ಜಿಪುಣಿ, ನಾನು ದುಂದು. ಎರಡನ್ನೂ ಕೂಡಿಸಿ ಭಾಗ ಮಾಡಿದ್ದರೆ ಇಬ್ಬರು ಸರಿಯಾದ ಹೆಂಗಸರಾಗುತ್ತಿದ್ದರು ಎಂದು ಅಮ್ಮ ಹೇಳುತ್ತಿದ್ದಳು.

ಟೈಪ್‌ರೈಟರಿನ ಕೀಲಿಗಳಲ್ಲಿ ಅರ್ಧ ಎಡಗೈದು, ಅರ್ಧ ಬಲಗೈದು. ಇದು ಎಲ್ಲ ಕಡೆ ಇರುವ ನಿಯಮ. ನಮ್ಮಕ್ಕ ಅದನ್ನು ವ್ರತ ಮಾಡಿಕೊಂಡಿದ್ದಳು. ಎಡಗೈ ಪಾಲಿನ ಕೊನೆಯ ಟಿ, ಜಿ, ಬಿ ಈ ಮೂರು ಕೀಲಿಗಳ ಅಂಚಿಗೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದಳು, ಒಂದೊಂದು ಯಂತ್ರಕ್ಕೂ. ಅವಳು ಜೀವಮಾನದಲ್ಲಿ ಕೊಂಡ ನೇಲ್ ಪಾಲಿಶ್ ಅದೊಂದೇ ಸೀಸೆ. ಆ ಚುಕ್ಕೆಗಳು ಗಡಿಕಲ್ಲು. ಎಡಗೈ ಬೆರಳು ಅದನ್ನು ದಾಟಿ ಆ ಕಡೆಯ ಅಕ್ಷರ ಒತ್ತಿತೋ, "ಪಕ್ಕದ ಮನೆ ಹಿತ್ತಲಿಗೆ ಕೈ ಹಾಕ್ತೀಯೇನೋ?" ಎನ್ನುತ್ತಿದ್ದಳು. ಕೀಲಿ ನೋಡಿಕೊಂಡು ಒತ್ತುವಂತೆಯೂ ಇಲ್ಲ. ನೋಡುವ ಚಾಳಿಯವರ ಕೈಗಳ ಮೇಲೆ ನನ್ನ ಅಂಗಡಿಯ ತುಂಡು ಬಟ್ಟೆ ಹೊದಿಸಿಬಿಡುತ್ತಿದ್ದಳು.

ಗಡಿ ದಾಟಿದವರಿಗೆ ಶಿಕ್ಷೆ ಇತ್ತು. ಅವಳೇ ಹಿಡಿದು ಹೊಡೆಯುವುದಲ್ಲ. ತಪ್ಪು ಮಾಡಿದವರು ತಾವಾಗಿಯೇ ಕೈ ಚಾಚಬೇಕು, ಬೆರಳ ಗೆಣ್ಣು ಮೇಲೆ ಮಾಡಿ. ಯಂತ್ರದ ಎಡಕ್ಕೆ ಮರದ ಸ್ಕೇಲು ಇರುತ್ತಿತ್ತು. ಟಕ್ ಎಂದು ಒಂದು ಏಟು, ಸೊಳ್ಳೆಗೂ ನೋವಾಗದಂಥದ್ದು. ಆದರೆ ಆ ಟಕ್ ಬೀಳುವ ತನಕ ಕೈ ಹಿಂದಕ್ಕೆ ಎಳೆಯುವಂತಿಲ್ಲ. "ತಪ್ಪು ಎಲ್ಲಾರೂ ಮಾಡ್ತಾರೆ. ಮಾಡಿದ್ದು ನಿಮಗೆ ಗೊತ್ತಾಯ್ತು ಅಂತ ನಂಗೆ ಗೊತ್ತಾಗ್ಬೇಕಲ್ಲ, ಅದಕ್ಕೇ ಕೈ ಚಾಚೋದು" ಎನ್ನುತ್ತಿದ್ದಳು. ಗಡ್ಡ ಮೀಸೆ ಬಂದ ಗಂಡಸರೂ ಅವಳ ಮುಂದೆ ಕೈ ಚಾಚಿ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪಾಠಗಳೂ ಹಾಗೆಯೇ. ಎಡಗೈಯ ಅಕ್ಷರಗಳಿಂದ ಮಾತ್ರ ಆಗುವ ಇಂಗ್ಲಿಷ್ ಪದಗಳು ಎಡಗೈ ಪಾಠ. ವಾಟರ್, ಬ್ರೆಡ್, ಟೀ, ರೆಸ್ಟ್, ಡಿಯರ್, ಫಿಯರ್, ಟಿಯರ್ಸ್, ಸ್ಟ್ರೀಟ್, ಸ್ವೆಟರ್. ಕೊನೆಗೆ ಅವುಗಳಿಗೆಲ್ಲ ಮಹಾರಾಣಿ, ಸ್ಟೀವರ್ಡೆಸ್. ವಿಮಾನದಲ್ಲಿ ಊಟ ಕೊಡುವ ಹುಡುಗಿಯಂತೆ. ನಮ್ಮ ಮೆಟ್ಟಿಲು ಹತ್ತಿದವರಲ್ಲಿ ವಿಮಾನ ಹತ್ತಿದವರು ಯಾರೂ ಇರಲಿಲ್ಲ, ಆದರೂ ಆ ಪದ ಎಲ್ಲರಿಗೂ ಕಣ್ಣು ಮುಚ್ಚಿದರೂ ಬರುತ್ತಿತ್ತು. ಬಲಗೈ ಪಾಠ ಬೇರೆ. ಮಿಲ್ಕ್, ಹಿಲ್, ಮೂನ್, ಓನ್ಲಿ, ಒಪಿನಿಯನ್, ಜಾಯ್. ಕೆಳಗೆ ಕೂತು ಕೇಳಿ ಕೇಳಿ ನನಗೂ ಬಾಯಿಪಾಠ. ಒಮ್ಮೆ ಕೇಳಿಯೂ ಬಿಟ್ಟೆ.

"ಅಲ್ಲ ಕಣೇ, ಸಂತೋಷ ಪೂರ್ತಿ ಬಲಗೈಗೆ, ಭಯ, ಕಣ್ಣೀರು ಎರಡೂ ಎಡಗೈಗೆ. ಯಾವ ಪುಣ್ಯಾತ್ಮ ಹೀಗೆ ಪಾಲು ಮಾಡಿದ್ದು?"

"ಮಾಡಿದೋನನ್ನ ಕೇಳಕ್ಕೆ ನೀನ್ಯಾರು? ನಿನ್ನ ಬೆರಳು ನೋಡ್ಕೊ, ಒಂದು ಕೀಲಿ ಒತ್ತಿದ್ರೆ ಮೂರು ಏಳುತ್ತೆ" ಎಂದಳು. ನಿಜ, ನಾನು ಆ ವಿದ್ಯೆಯಲ್ಲಿ ಮೊದಲ ವಾರವೇ ಶರಣಾದವಳು.

ನಮ್ಮ ತಮ್ಮ ಮಾತ್ರ ಅವಳ ಪಟ್ಟ ಶಿಷ್ಯ. ಮೂವರಲ್ಲಿ ಅವನೇ ಕೊನೆಯವನು, ಅವಳನ್ನು ದೊಡ್ಡಕ್ಕ, ನನ್ನನ್ನು ಚಿಕ್ಕಕ್ಕ ಎಂದು ಕರೆಯುವವನು. ಅಪ್ಪ ಹೋದ ಮೇಲೆ ಅವಳೇ ಅವನನ್ನು ಯಂತ್ರದ ಮುಂದೆ ಕೂರಿಸಿದಳು. ಗೆಣ್ಣಿಗೆ ಏಟು ತಿಂದವರಲ್ಲಿ ಅವನೇ ಎಲ್ಲರಿಗಿಂತ ಮುಂದು. ಆ ಬೆರಳುಗಳ ಬಲದಿಂದಲೇ ಕಚೇರಿಯಲ್ಲಿ ಕೆಲಸ ಸಿಕ್ಕಿ, ದೊಡ್ಡವನಾಗಿ, ಬೇರೆ ಊರಲ್ಲಿ ಸಂಸಾರ ಹೂಡಿದ. ಆಮೇಲೆ ಕಂಪ್ಯೂಟರು ಬಂತು, ಶಿಷ್ಯರು ಸಣ್ಣಗೆ ಕರಗಿದರು. ಅಕ್ಕ ಮಾತ್ರ ದಿನಾ ಬೆಳಿಗ್ಗೆ ಯಂತ್ರಗಳ ಬಟ್ಟೆ ಕೊಡವಿ, ಎಣ್ಣೆ ಬಿಟ್ಟು, ಬಂದ ಒಬ್ಬಿಬ್ಬರಿಗೇ ಪಾಠ ಮಾಡುತ್ತಿದ್ದಳು.

ಅವತ್ತು ಬೆಳಿಗ್ಗೆಯೂ ಮೇಲಿಂದ ಕಸ ಗುಡಿಸುವ ಸದ್ದು ಬಂತು, ಬಟ್ಟೆ ಕೊಡವುವ ಸದ್ದು ಬಂತು, ಆಮೇಲೆ ಕುರ್ಚಿ ಬಿದ್ದ ಸದ್ದು. ಕುರ್ಚಿ ಎತ್ತುವ ಸದ್ದು ಬರಲಿಲ್ಲ. ಹೋಗಿ ನೋಡಿದರೆ ಅಕ್ಕ ಗೋಡೆಗೆ ಒರಗಿ ಕುಸಿದಿದ್ದಳು, ಬಾಯಿ ಒಂದು ಕಡೆಗೆ ಎಳೆದಿತ್ತು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ, "ಅದ." ನೀರು ಬೇಕಾದರೂ ಅದ, ನೋವಾದರೂ ಅದ, ನನ್ನನ್ನು ಕಂಡರೂ ಅದ.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಮುಂದೆ ಕೂತು, "ನಿಮ್ಮ ಹೆಸರು ಮೇಜು ಅಂತಾನಾ?" ಎಂದು ಕೇಳಿದರು. ಅಕ್ಕ ಹೌದೆಂದು ತಲೆಯಾಡಿಸಿದಳು. "ಇವರು ನಿಮ್ಮ ತಂಗೀನಾ?" ಎಂದು ನನ್ನನ್ನು ತೋರಿಸಿದರು. ಅಲ್ಲವೆಂದು ತಲೆಯಾಡಿಸಿದಳು. ಅಯ್ಯೋ, ಜೀವಮಾನವೆಲ್ಲ ಒಂದೇ ಸೂರಿನಡಿ ಬದುಕಿದವಳು ನಾನು! ಡಾಕ್ಟರು ನನ್ನ ಮುಖ ನೋಡಿ ಸಮಾಧಾನ ಹೇಳಿದರು.

"ಬೇಜಾರು ಮಾಡ್ಕೋಬೇಡಿ. ಇವರ ಮೆದುಳಲ್ಲಿ ಮಾತಿನ ಜಾಗಕ್ಕೆ ಪೆಟ್ಟಾಗಿದೆ. ಹೌದು ಅನ್ನಕ್ಕೆ ಹೋಗಿ ಇಲ್ಲ ಅಂತಾರೆ, ಇಲ್ಲ ಅನ್ನಕ್ಕೆ ಹೋಗಿ ಹೌದು ಅಂತಾರೆ. ತಲೆಯಾಡಿಸೋದನ್ನ ನೆಚ್ಕೋಬೇಡಿ."

"ಒಳಗೆ ಅರ್ಥ ಆಗ್ತಾ ಇದೆಯಾ ಡಾಕ್ಟ್ರೇ?"

"ಎಷ್ಟು ಅಂತ ಈಗಲೇ ಹೇಳಕ್ಕಾಗಲ್ಲಮ್ಮ."

ಎಡಗೈಗೆ ಪೆನ್ಸಿಲು ಕೊಟ್ಟು ನೋಡಿದರು. ಸುತ್ತು ಸುತ್ತು ಗೀಟು ಬಂತು, ಅಷ್ಟೆ. ಹಾಗೆಯೇ ಮನೆಗೆ ಕಳಿಸಿದರು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಮೆಟ್ಟಿಲ ಮೇಲೆ ಹೊತ್ತು ತಂದರು. ಬಿಸಿಲು ಬೀಳುವ ಕಿಟಕಿಯ ಪಕ್ಕ, ಅವಳ ಸ್ವಂತ ಯಂತ್ರದ ಮುಂದೆಯೇ ದಿನಾ ಅವಳನ್ನು ಕೂರಿಸಿ ನಾನು ಕೆಳಗೆ ಬರುತ್ತಿದ್ದೆ. ಅವಳನ್ನು ಬೇರೆಲ್ಲಿ ಕೂರಿಸಿದರೂ ಅವಳು ಅವಳ ಹಾಗೆ ಕಾಣುತ್ತಿರಲಿಲ್ಲ.

ಒಂದು ದಿನ ರವಿಕೆಗೆ ತೋಳು ಜೋಡಿಸುತ್ತಿದ್ದೆ. ಮೇಲೆ ಟಕ್ ಎಂದಿತು. ಹಲ್ಲಿ ಏನಾದರೂ ಬಿತ್ತೇ ಎಂದುಕೊಂಡೆ. ಮತ್ತೆ ಟಕ್, ಟಕ್, ಟಕ್, ಟಕ್. ಆಮೇಲೆ ಸರ್ರೆಂದು ಹಾಳೆ ಹೊತ್ತ ಕ್ಯಾರೇಜು ಹಿಂದಕ್ಕೆ ಓಡಿದ ಸದ್ದು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮೆಟ್ಟಿಲು ಹತ್ತಿದೆ. ಕಾಯಿಲೆ ಬಿದ್ದ ದಿನ ಅವಳೇ ಸೇರಿಸಿಟ್ಟಿದ್ದ ಹಾಳೆ ಇನ್ನೂ ಯಂತ್ರದಲ್ಲಿತ್ತು. ಅದರ ಮೇಲೆ ಒಂದೇ ಒಂದು ಪದ, ವಾಟರ್.

ಲೋಟ ತುಂಬ ನೀರು ತಂದು ಬಾಯಿಗೆ ಹಿಡಿದೆ. ಗಟಗಟ ಕುಡಿದಳು. ನನಗೆ ಅಳು ಬಂತು, ನಗು ಬಂತು, ಯಾವುದು ಮೊದಲು ಬಂತೋ ದೇವರಿಗೇ ಗೊತ್ತು. "ಅಕ್ಕಾ, ನೀನು ಇದ್ದೀಯ ಕಣೇ, ಒಳಗೆ ಇದ್ದೀಯ!" ಎಂದು ಅವಳ ಕೆನ್ನೆ ಹಿಡಿದು ಅಲ್ಲಾಡಿಸಿಬಿಟ್ಟೆ. ತಮ್ಮನಿಗೆ ಫೋನು ಹಚ್ಚಿದೆ. ಅವನಿಗೆ ಸುದ್ದಿ ಹೇಳುತ್ತಿರುವಾಗಲೇ ಬೆನ್ನ ಹಿಂದೆ ಮತ್ತೆ ಟಕಟಕ. ತಿರುಗಿ ನೋಡಿದರೆ ಬ್ರೆಡ್. ಆಮೇಲೆ ಟೀ. ಆಮೇಲೆ ರೆಸ್ಟ್.

ಫೋನು ಕೆಳಗಿಟ್ಟೆ. ಎಡಗೈ ಪಾಠದ ಮೊದಲ ಪದವೇ ವಾಟರ್, ಎರಡನೆಯದು ಬ್ರೆಡ್, ಮೂರನೆಯದು ಟೀ. ಅವಳು ಬಾಯಾರಿ ನೀರು ಕೇಳಿದಳೋ, ಬೆರಳುಗಳು ತಮ್ಮ ಪಾಡಿಗೆ ಹಳೆಯ ಪಾಠ ಒಪ್ಪಿಸುತ್ತಿದ್ದವೋ? ಮುಂದಿನ ಅಷ್ಟೂ ದಿನ ನನ್ನನ್ನು ಕೊರೆದದ್ದು ಇದೊಂದೇ ಪ್ರಶ್ನೆ.

ಕೆಲವು ದಿನ ಪಾಠ ಸಾಲಾಗಿ ಬರುತ್ತಿತ್ತು, ಮಹಾರಾಣಿ ಸ್ಟೀವರ್ಡೆಸ್ ತನಕ. ಕೆಲವು ದಿನ ಒಂದೇ ಪದ. ಒಂದೊಂದು ಪದಕ್ಕೂ ಒಂದೊಂದು ಸಾಲು. ಪದಗಳ ನಡುವೆ ಜಾಗ ಬಿಡುವ ಉದ್ದ ಪಟ್ಟಿ ಬಲಗೈ ಹೆಬ್ಬೆರಳಿನ ಪಾಲಿನದು, ಅದನ್ನು ಎಡಗೈ ಮುಟ್ಟುತ್ತಿರಲಿಲ್ಲ. ಎಡಕ್ಕಿರುವ ಸನ್ನೆಕೋಲು ತಳ್ಳಿ ಹೊಸ ಸಾಲಿಗೆ ಹೋಗುತ್ತಿದ್ದಳು. ಒಮ್ಮೆ ನಾನು ದಾರ ತರಲು ಹೋಗಿ ತಡವಾಯಿತು. ಬಂದು ನೋಡಿದರೆ ಹಾಳೆಯ ಮೇಲಿಂದ ಕೆಳತನಕ ಫಿಯರ್, ಫಿಯರ್, ಫಿಯರ್. ಅವಳ ಮುಖ ನೋಡಿದೆ. ಅಲ್ಲಿ ಏನೂ ಬರೆದಿರಲಿಲ್ಲ. ಆ ಹಾಳೆ ತೆಗೆದು ಒಲೆಗೆ ಹಾಕಿದೆ.

ತಮ್ಮ ಭಾನುವಾರ ಬಂದ. ಬಂದವನೇ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತ. ಅವನೆದುರಿಗೇ ಅಕ್ಕ ಟೀ ಎಂದು ಟೈಪ್ ಮಾಡಿದಳು. ನಾನು ಗೆದ್ದವಳ ಹಾಗೆ ಓಡಿ ಟೀ ಮಾಡಿ ತಂದೆ. ಅವಳು ಲೋಟ ತಳ್ಳಿದಳು. ಮತ್ತೆ ಟೈಪ್ ಮಾಡಿದಳು, ಟೀ. ಮತ್ತೆ ಹಿಡಿದೆ. ಈ ಸಲ ತಳ್ಳಿದ ರಭಸಕ್ಕೆ ಅರ್ಧ ನನ್ನ ಸೀರೆ ಮೇಲೆ ಬಿತ್ತು.

"ನೋಡು ಚಿಕ್ಕಕ್ಕ, ಅದಕ್ಕೆ ಅರ್ಥ ಇಲ್ಲ. ಬೆರಳಿಗೆ ಕಲಿಸಿದ್ದನ್ನ ಬೆರಳು ಮಾಡ್ತಾ ಇದೆ ಅಷ್ಟೇ" ಎಂದ ತಮ್ಮ ಮೆಲ್ಲಗೆ.

"ನೀನು ಬಾಯ್ಮುಚ್ಚು" ಎಂದೆ. ಸೀರೆ ಒರೆಸಿಕೊಳ್ಳುವಾಗ ಹೊಳೆಯಿತು. ಅಕ್ಕ ಹುಟ್ಟಿದಾಗಿನಿಂದ ಟೀ ಕುಡಿದವಳೇ ಅಲ್ಲ. ಅವಳಿಗೆ ಕಾಫಿಯೇ ಆಗಬೇಕು. ಕಾಫಿಯ ಇಂಗ್ಲಿಷ್ ಪದದಲ್ಲಿ ಓ ಇದೆ, ಓ ಬಲಗೈದು. ಇರುವುದರಲ್ಲೇ ಹತ್ತಿರದ್ದನ್ನು ಕೇಳಿದ್ದಾಳೆ! ಕಾಫಿ ಮಾಡಿ ತಂದೆ. ತೊಟ್ಟು ಬಿಡದೆ ಕುಡಿದಳು.

"ಈಗೇನಂತೀಯ?"

"ಕಾಫಿ ಕೊಟ್ರೆ ಯಾವತ್ತು ಬೇಡ ಅಂದಿದ್ಲು ಅವಳು? ನಿಂಗೆ ಬೇಕಾದ್ದನ್ನ ನೀನು ಓದ್ಕೊಳ್ತಾ ಇದೀಯ. ನಂಗೂ ಹಾಗೇ ಅನ್ಕೋಬೇಕು ಅಂತ ಆಸೆ ಇದೆ ಚಿಕ್ಕಕ್ಕ. ಆಗ್ತಾ ಇಲ್ಲ."

ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವನನ್ನು ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ಅವನ ಮನೆಯ ಹತ್ತಿರ ಒಂದು ಆರೈಕೆ ಕೇಂದ್ರ ಇತ್ತು. ನೆಲಮಟ್ಟದ ಕೋಣೆ, ಮೆಟ್ಟಿಲಿಲ್ಲ, ಹಗಲೂ ರಾತ್ರಿ ನರ್ಸುಗಳು. ಒಂದು ಕೋಣೆಗೆ ಮೂರು ಹಾಸಿಗೆ, ಆದ್ದರಿಂದ ಟೈಪ್‌ರೈಟರ್ ತರುವಂತಿಲ್ಲ, ಸದ್ದು. ಅಕ್ಕನನ್ನು ಅಲ್ಲಿಗೆ ಸೇರಿಸಿ, ಮೇಲಿನ ಶಾಲೆ ಖಾಲಿ ಮಾಡಿ, ನನಗೂ ಸ್ವಲ್ಪ ಉಸಿರಾಡಲು ಬಿಡಬೇಕು ಅನ್ನುವುದು ಅವನ ಲೆಕ್ಕ. "ಅವಳಿಗೆ ಈ ಮನೆ ಯಾವುದು, ಆ ಮನೆ ಯಾವುದು ಗೊತ್ತಾಗದೆ ಇದ್ರೆ, ನೀನು ಯಾಕೆ ಸಾಯ್ತೀಯ?" ಎಂದ.

"ಗೊತ್ತಾಗೋದಾದ್ರೆ?" ಎಂದೆ.

ಯಂತ್ರ ಕಿತ್ತುಕೊಂಡರೆ ಅವಳಿಗೆ ಉಳಿಯುವುದು "ಅದ" ಒಂದೇ. ಒಳಗೆ ಅವಳು ಎಚ್ಚರವಾಗಿದ್ದು, ನಾವು ಅವಳನ್ನು ಸಾಮಾನಿನ ಹಾಗೆ ಎತ್ತಿ ಸಾಗಿಸಿದರೆ?

ಅವನು ಊರಿಗೆ ಹೋದ ಮೇಲೆ ಅಕ್ಕನ ಪಕ್ಕ ಕೂತೆ. "ಅಕ್ಕಾ, ನಾವು ಆಡೋದು ನಿಂಗೆ ಗೊತ್ತಾಗುತ್ತಾ? ಹೌದು ಅನ್ನು, ಇಲ್ಲ ಅನ್ನು, ಎರಡರಲ್ಲಿ ಒಂದು ಒತ್ತು. ನಿನ್ನ ಕಾಲಿಗೆ ಬೀಳ್ತೀನಿ" ಎಂದೆ. ಕೇಳಿದ ಮೇಲೆ ಕೀಲಿಗಳನ್ನು ನೋಡಿದೆ. ಯೆಸ್ ಅನ್ನಬೇಕಾದರೆ ವೈ ಬೇಕು, ಅದು ಗಡಿಯಾಚೆ. ನೋ ಅನ್ನಬೇಕಾದರೆ ಎನ್ ಬೇಕು, ಓ ಬೇಕು, ಎರಡೂ ಗಡಿಯಾಚೆ. ಎಡಗೈಯೊಂದೇ ಉಳಿದವಳಿಗೆ ನೀರುಂಟು, ಬ್ರೆಡ್ಡುಂಟು, ವಿಮಾನದ ಹುಡುಗಿಯೂ ಉಂಟು, ಹೌದೂ ಇಲ್ಲ, ಇಲ್ಲವೂ ಇಲ್ಲ. ಹಾಳಾದ್ದು ಯಾವ ಸೀಮೆ ಪಾಲು ಇದು?

"ಆ ಕಡೆ ಹೋಗೇ, ಯಾರೂ ಏನೂ ಅನ್ನಲ್ಲ" ಎಂದೆ. ಅವಳ ತೋರುಬೆರಳು ಕೆಂಪು ಚುಕ್ಕೆಯ ತನಕ ಬಂದು ನಿಂತಿತು. ನನಗೆ ತಾಳ್ಮೆ ಎಲ್ಲಿಂದ ಬರಬೇಕು? ಆ ಕೈ ಹಿಡಿದು ಆಚೆಗೆ ಎಳೆದೇಬಿಟ್ಟೆ. ಅವಳು ಕೊಸರಿಕೊಂಡು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಆ ದಿನವೆಲ್ಲ ಯಂತ್ರ ಮುಟ್ಟಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಕೋಪ ಬಂದಿತ್ತೋ, ಬರೀ ದಣಿವೋ ನನಗೆ ತಿಳಿಯಲಿಲ್ಲ. ಕೋಪವೇ ಆಗಿರಲಿ ದೇವರೇ ಎಂದು ಬೇಡಿಕೊಂಡೆ.

ಅದಾದ ಮೇಲೆ ಅವಳು ಬಿದ್ದಳು. ಅವಸರದ ಹೊಲಿಗೆ ಇತ್ತು, ನನ್ನ ಯಂತ್ರ ಓಡುತ್ತಲೇ ಇತ್ತು. ಆ ಗರಗರದಲ್ಲಿ ಮೇಲಿನ ಸದ್ದು ನನಗೆ ಕೇಳಲಿಲ್ಲ. ಊಟಕ್ಕೆಂದು ಮೇಲೆ ಹೋದರೆ ಅಕ್ಕ ಮೇಜಿನ ಕಾಲಿನ ಪಕ್ಕ ನೆಲದ ಮೇಲಿದ್ದಳು, ಹಣೆ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಎಷ್ಟು ಹೊತ್ತು ಹಾಗೆ ಬಿದ್ದಿದ್ದಳೋ. ಒಬ್ಬಳೇ ಎತ್ತಲಾರದೆ ಬೀದಿಗೆ ಹೋಗಿ ಕೂಗಿ ಕರೆದೆ. ಅಂದು ನಾನೇ ಸೋತೆ. ತಮ್ಮನಿಗೆ ಫೋನು ಮಾಡಿ, "ಬಾ. ನನ್ನ ಕೈಲಿ ಆಗ್ತಾ ಇಲ್ಲ" ಎಂದೆ. ಫೋನಿಟ್ಟ ಮೇಲೆ ಒಗೆಯುವ ಕಲ್ಲಿನ ಹತ್ತಿರ ಹೋಗಿ, ನಲ್ಲಿ ಬಿಟ್ಟುಕೊಂಡು ಗೊಳೋ ಎಂದು ಅತ್ತೆ.

ಅವನು ಕಾರು ತಂದ. ಹಿಂದೆಯೇ ಗುಜರಿಯವನೂ ಬಂದ, ಗೋಣಿಚೀಲ, ಹಗ್ಗ ಹಿಡಿದು. ಅವನನ್ನು ಕಂಡ ತಕ್ಷಣ ನನ್ನ ಪಿತ್ತ ನೆತ್ತಿಗೇರಿತು. ಸೋತವಳು ನಾನೇ, ಕರೆದವಳು ನಾನೇ, ಆದರೂ ಏರಿತು.

"ಅವಳು ಇನ್ನೂ ಮನೇಲಿರೋವಾಗ್ಲೇ ಗುಜರಿಯವನನ್ನ ಕರ್ಕೊಂಡು ಬರ್ತೀಯಲ್ಲೋ, ನಿನ್ನ ಕಣ್ಣಲ್ಲಿ ರಕ್ತ ಇಲ್ವೇನೋ? ಆ ಯಂತ್ರಾನೇ ಕಣೋ ನಿಂಗೆ ಅನ್ನ ಕೊಟ್ಟಿದ್ದು!"

"ಒಂದೇ ಸಲ ಮುಗೀಲಿ ಅಂತ ಚಿಕ್ಕಕ್ಕ. ಎರಡು ಸಲ ನೋಡೋ ಶಕ್ತಿ ನಂಗಿಲ್ಲ."

"ಅವಳನ್ನ ಕೇಳ್ದೆ ಈ ಮನೆಯಿಂದ ಒಂದು ಸೂಜಿನೂ ಆಚೆ ಹೋಗಲ್ಲ. ಕೇಳು."

ತಮ್ಮ ಅಕ್ಕನ ಮುಂದೆ ಮೊಣಕಾಲೂರಿ ಕೂತ. ಅವಳ ಹಣೆಯ ಪಟ್ಟಿಯನ್ನು ಒಮ್ಮೆ ಮುಟ್ಟಿದ. "ದೊಡ್ಡಕ್ಕಾ, ನಮ್ಮನೆ ಹತ್ತಿರ ಒಂದು ಜಾಗ ಇದೆ. ನೋಡ್ಕೊಳೋರು ಇರ್ತಾರೆ, ದಿನಾ ನಾನೂ ಬರ್ತೀನಿ. ಈ ಶಾಲೆ ಇನ್ನು ಬೇಡ. ಬರ್ತೀಯಲ್ಲ? ಒಪ್ಪಿಗೆ ತಾನೇ?"

ಅಕ್ಕ ತಲೆಯಾಡಿಸಿದಳು. ಹೌದು, ಹೌದು, ಹೌದು.

"ಆ ತಲೆ ನೆಚ್ಕೋಬೇಡಿ ಅಂದಿದ್ದಾರೆ ಡಾಕ್ಟ್ರು!" ಎಂದೆ.

"ತಲೆನೂ ನಂಬಬಾರ್ದು, ಬೆರಳೂ ನಂಬಬಾರ್ದು. ಮತ್ತೆ ಯಾವುದನ್ನ ನಂಬ್ಲಿ ಹೇಳು?" ಎಂದ. ಅವನ ಕಣ್ಣು ತುಂಬಿತ್ತು. ಅವನು ಗುಜರಿಯವನಿಗೆ ಸನ್ನೆ ಮಾಡಿದ.

ಆ ಮನುಷ್ಯ ಮೂಲೆಯ ಯಂತ್ರ ಎತ್ತಿದ. ಓರೆಯಾದ ಯಂತ್ರದ ಕ್ಯಾರೇಜು ತಾನಾಗಿ ಜಾರಿ ಅದರ ಗಂಟೆ ಟಿಣ್ ಎಂದಿತು. ಅಕ್ಕ "ಅದ" ಎಂದಳು. ಯಾರೂ ತಿರುಗಲಿಲ್ಲ. ಇನ್ನೊಮ್ಮೆ "ಅದ" ಎಂದಳು. ಆಮೇಲೆ ಅವಳ ಎಡಗೈ ಮಡಿಲಿನಿಂದ ಎದ್ದು ಕೀಲಿಗಳ ಮೇಲೆ ಬಂತು, ನಾಲ್ಕು ಬೆರಳೂ ತಂತಮ್ಮ ಮನೆಯಲ್ಲಿ ಕೂತವು. ಪಾಠ ಶುರುವಾಯಿತು, ಇನ್ನು ವಾಟರ್ ಬರುತ್ತದೆ ಎಂದುಕೊಂಡು ನಾನು ಮುಖ ತಿರುಗಿಸಿದೆ.

ವಾಟರ್ ಬರಲಿಲ್ಲ. ಏನೂ ಬರಲಿಲ್ಲ. ನೋಡಿದರೆ ಅಕ್ಕ ತಲೆ ಬಗ್ಗಿಸಿ ಕೀಲಿಗಳನ್ನು ನೋಡುತ್ತಿದ್ದಳು. ಎಲ್ಲರ ಕೈಗೂ ಬಟ್ಟೆ ಹೊದಿಸಿದ ನಮ್ಮಕ್ಕ, ಕೀಲಿ ನೋಡುತ್ತಿದ್ದಳು! ತೋರುಬೆರಳು ಬಿ ಕೀಲಿಯ ಕೆಂಪು ಚುಕ್ಕೆಯ ಮೇಲೆ ನಿಂತಿತ್ತು. ಆಮೇಲೆ ದಾಟಿತು. ಟಕ್. ಇಡೀ ಕೈ ಮೇಲೆದ್ದು, ಸತ್ತುಬಿದ್ದ ಬಲಗೈಯ ರಾಜ್ಯದ ಮೇಲೆ ಹಾದು, ಆ ತುದಿಯಲ್ಲಿ ಹುಡುಕಿತು. ಸಿಗಲಿಲ್ಲ. ಇನ್ನೊಮ್ಮೆ ಹುಡುಕಿತು. ಟಕ್.

ಸನ್ನೆಕೋಲು ತಳ್ಳಿದಳು. ಮತ್ತೆ ಅದೇ ದಾರಿ, ಅದೇ ಎರಡು ಏಟು. ಹಾಳೆಯ ಮೇಲೆ ಒಂದರ ಕೆಳಗೊಂದು ನೋ, ನೋ. ತಲೆ ಇನ್ನೂ ಹೌದು ಹೌದು ಎಂದು ಆಡುತ್ತಲೇ ಇತ್ತು, ಅದನ್ನು ನಿಲ್ಲಿಸುವುದು ಅವಳ ಕೈಲಿರಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ತಮ್ಮ ಹಾಳೆ ನೋಡಿದ. ಕಲಿಸಿದ್ದನ್ನು ಬೆರಳು ಮಾಡುತ್ತದೆ ಎಂದವನು ಅವನೇ. ಈ ಎರಡು ಏಟನ್ನು ಆ ಕೈಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದೆಲ್ಲ ಇದರ ವಿರುದ್ಧವೇ.

"ಇದು... ಇದು ಸುಮ್ನೆ ಬಿದ್ದಿದ್ದೇನೋ..." ಎಂದು ತೊದಲಿದ. ಅವನಿಗೇ ಅವನ ಮಾತಿನ ಮೇಲೆ ನಂಬಿಕೆ ಇರಲಿಲ್ಲ.

ಆಗ ಅಕ್ಕ ಕೀಲಿಗಳ ಮೇಲಿಂದ ಕೈ ತೆಗೆದಳು. ಪಕ್ಕದಲ್ಲಿದ್ದ ಮರದ ಸ್ಕೇಲನ್ನು ಬೆರಳ ತುದಿಯಿಂದ ಅವನ ಕಡೆಗೆ ತಳ್ಳಿದಳು. ಆಮೇಲೆ ಎಡಗೈಯನ್ನು ಅವನ ಮುಂದೆ ಚಾಚಿದಳು, ಬೆರಳ ಗೆಣ್ಣು ಮೇಲೆ ಮಾಡಿ.

ಗುಜರಿಯವನು ಯಂತ್ರ ಹೊತ್ತುಕೊಂಡು ಬಾಗಿಲಲ್ಲೇ ನಿಂತಿದ್ದ. "ಬೇಡ ದೊಡ್ಡಕ್ಕ, ಬೇಡ, ಕೈ ತಗೋ" ಎಂದು ತಮ್ಮ ಬೇಡಿಕೊಂಡ. ಅವಳು ತೆಗೆಯಲಿಲ್ಲ. ಕೈ ಗಾಳಿಯಲ್ಲೇ ಕಾಯುತ್ತಿತ್ತು, ಟಕ್ ಬೀಳುವ ತನಕ ಹಿಂದಕ್ಕೆ ಎಳೆಯುವಂತಿಲ್ಲವಲ್ಲ.

"ಹೊಡಿಯೋ" ಎಂದೆ ನಾನು.

ತಮ್ಮ ಸ್ಕೇಲು ಎತ್ತಿಕೊಂಡ. ಅವಳ ಗೆಣ್ಣಿಗೆ ಮುಟ್ಟಿಸಿದ, ಅಷ್ಟೆ, ಸದ್ದೂ ಆಗಲಿಲ್ಲ. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡು, ಗಡಿಯ ಈಚೆಗೆ, ತನ್ನ ನಾಲ್ಕು ಕೀಲಿಗಳ ಮೇಲೆ ನೆಟ್ಟಗೆ ಇಟ್ಟುಕೊಂಡಳು. ತಮ್ಮ ಅವಳ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. "ಇಷ್ಟು ದಿನ ಎಲ್ಲಾ ಕೇಳಿಸ್ಕೊಳ್ತಾ ಇದ್ಯಾ ದೊಡ್ಡಕ್ಕ? ನಾನು ಆಡಿದ್ದೆಲ್ಲಾ ಕೇಳಿಸ್ತಾ?" ಎಂದು ಕೇಳಿದ. ಅವಳ ತಲೆ ಇಲ್ಲ ಇಲ್ಲ ಎಂದು ಆಡಿತು.

ಗುಜರಿಯವನಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಯಂತ್ರವನ್ನು ಇದ್ದ ಮೂಲೆಯಲ್ಲೇ ಇಳಿಸಿ, ತನ್ನ ಹೆಗಲ ಬಟ್ಟೆಯಿಂದ ಅದನ್ನೊಮ್ಮೆ ಒರೆಸಿ, ಹಗ್ಗ ಸುತ್ತಿಕೊಂಡು ಕೆಳಗಿಳಿದ. ಮೆಟ್ಟಿಲಿನ ಕಷ್ಟ, ಬೀಳುವ ಭಯ, ನನ್ನ ಬೆನ್ನುನೋವು ಎಲ್ಲವೂ ಇದ್ದಲ್ಲೇ ಇದ್ದವು, ಅವಕ್ಕೆ ಏನು ಮಾಡುವುದೋ ನಮಗಿನ್ನೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, "ದೊಡ್ಡಕ್ಕಾ, ಕಾಫಿ ಕುಡೀತೀಯಾ?" ಎಂದ ತಮ್ಮ. ಬೇಡ ಬೇಡ ಎಂದು ಅವಳು ತಲೆಯಾಡಿಸಿದಳು. ನಾನು ಎದ್ದು ಹೋಗಿ ಮೂವರಿಗೂ ಸಾಕಾಗುವಷ್ಟು ನೀರಿಟ್ಟೆ.